ಬಂಡೆಯ ದಾಯಾದಿಗಳು

ಗದಗ-ಬೆಟಗೇರಿಯಿಂದ ಮುಂಡರಗಿಯ ದಾರಿ ಹಿಡಿದರೆ ಕಪ್ಪತಗುಡ್ಡದ ಮಗ್ಗುಲಿಗೆ ಬರುವಷ್ಟರಲ್ಲಿ ಮಣ್ಣಿನ ಬಣ್ಣ ಬದಲಾಗಿರುತ್ತದೆ. ಗದಗಿನ ಸುತ್ತ ಕಪ್ಪು ಎರಿ, ಗುಡ್ಡದ ಹತ್ತಿರ ಕೆಂಪು ಮಸಾರಿ. ಶಿರಹಟ್ಟಿ ಕಡೆಗೂ ಮಸಾರಿಯೇ ಹೆಚ್ಚು. ಲಕ್ಷ್ಮೇಶ್ವರದ ಸುತ್ತ ಎರಡೂ ಸಿಗುತ್ತವೆ. ಎರಿ ಹೊಲ ಹಸಿಯನ್ನು ಹಿಡಿದಿಡುತ್ತದೆ, ಹಾಗಾಗಿ ಹಿಂಗಾರಿ ಜೋಳ ಮತ್ತು ಕಡಲೆ ಮಳೆ ನಿಂತ ಮೇಲೂ ಬೆಳೆದು ಕಾಳು ಕಟ್ಟುತ್ತವೆ. ಮಸಾರಿ ನೀರನ್ನು ಬೇಗ ಬಿಟ್ಟುಕೊಡುತ್ತದೆ. ಅಲ್ಲಿ ಮುಂಗಾರಿ ಶೇಂಗಾ ಚೆನ್ನಾಗಿ ಬರುತ್ತದೆ. ಯಾವ ಹೊಲಕ್ಕೆ ಯಾವ ಬೀಜ ಎಂದು ಈ ಸೀಮೆಯ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ನೆಲವೇ ಬೀಜವನ್ನು ಆರಿಸುತ್ತದೆ.

ಕಡಲ ದಂಡೆಯ ಬಂಡೆಯೂ ಹೀಗೆಯೇ ಆರಿಸುತ್ತದೆ. ಅಲ್ಲಿ ಒಂದು ನೆಲೆಗೂ ಇನ್ನೊಂದು ನೆಲೆಗೂ ನಡುವೆ ಹರದಾರಿಗಟ್ಟಲೆ ದೂರವಿಲ್ಲ, ಕೆಲವೇ ಮೊಳ. ಬಂಡೆಯ ನೆತ್ತಿಯಲ್ಲಿ ಒಂದು ಬಸವನಹುಳು, ಸೊಂಟದಲ್ಲಿ ಇನ್ನೊಂದು, ಬುಡದಲ್ಲಿ ಮತ್ತೊಂದು. ಎಷ್ಟೋ ಕಡೆ ಇವು ಹತ್ತಿರದ ದಾಯಾದಿಗಳು, ಒಂದೇ ಪೂರ್ವಜರಿಂದ ಕವಲೊಡೆದ ಕುಲಗಳು. ಒಂದರ ಚಿಪ್ಪು ದಪ್ಪ, ಇನ್ನೊಂದರದು ತೆಳು. ಒಂದು ನೀರು ಬಿಟ್ಟು ದಿನಗಟ್ಟಲೆ ಇರಬಲ್ಲದು, ಇನ್ನೊಂದಕ್ಕೆ ಅದು ಆಗದು. ಒಂದೇ ಮನೆತನ ಇಷ್ಟು ಹತ್ತಿರದಲ್ಲಿದ್ದೂ ಇಷ್ಟು ಬೇರೆಯಾದದ್ದು ಹೇಗೆ ಎಂಬುದೇ ಈ ಅಧ್ಯಾಯದ ಪ್ರಶ್ನೆ.

ಕಡಲಿನಿಂದ ಸುಮಾರು 200 ಕಿಲೋಮೀಟರ್ ಒಳಗಿರುವ ಗದಗ ಸೀಮೆಗೆ ಕಡಲ ಬಸವನಹುಳು ತೀರ ಅಪರಿಚಿತವೇನಲ್ಲ. ಜೋಗಮ್ಮನ ಕೊರಳಿನ ಕವಡಿ ಸರ, ದಾಸಯ್ಯ ಊದುವ ಶಂಖ ಎರಡೂ ಕಡಲ ಬಸವನಹುಳುಗಳ ಚಿಪ್ಪುಗಳೇ. ಕವಡಿ ಹವಳದ ದಿಬ್ಬ ಮತ್ತು ಬಂಡೆಗಳ ಸಂದಿನ ಜೀವ. ಶಂಖ ಮರಳಿನ ತಳದಲ್ಲಿ ಹುಳುಗಳನ್ನು ತಿಂದು ಬದುಕುವ ಜೀವ. ನಮ್ಮ ಊರಿಗೆ ಬಂದದ್ದು ಬರೀ ಚಿಪ್ಪು. ಅದರೊಳಗಿನ ಜೀವವನ್ನು ನೋಡಬೇಕಾದರೆ ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದು ಅಂಕೋಲಾ, ಕುಮಟಾಕ್ಕೆ ಹೋಗಬೇಕು. ಗದಗಿಗೂ ಕುಮಟಾಕ್ಕೂ ನಂಟು ಹಳೆಯದು. ಗದಗ ಇನ್ನೂ ಧಾರವಾಡ ಜಿಲ್ಲೆಯಲ್ಲಿದ್ದ ಕಾಲದಲ್ಲಿ, 19ನೆಯ ಶತಮಾನದಲ್ಲಿ, ಈ ಭಾಗದ ದೇಸಿ ಹತ್ತಿ ಕುಮಟಾ ಬಂದರಿನಲ್ಲಿ ಹಡಗು ಹತ್ತುತ್ತಿತ್ತು. ಪೇಟೆಯಲ್ಲಿ ಅದಕ್ಕೆ ಕುಮಟಾ ಹತ್ತಿ ಎಂದೇ ಹೆಸರಾಗಿತ್ತು. ಈಚೆಗೆ ಇನ್ನೊಂದು ನಂಟೂ ಕೂಡಿಕೊಂಡಿದೆ. 2024ರ ಜನವರಿ 31ರಂದು ಅಂತರರಾಷ್ಟ್ರೀಯ ಮಹತ್ವದ ಜೌಗುನೆಲೆಗಳ ರಾಮ್ಸಾರ್ ಪಟ್ಟಿಗೆ ಸೇರಿದವೆಂದು ಸಾರಲಾದ ಕರ್ನಾಟಕದ ಮೂರು ತಾಣಗಳಲ್ಲಿ ಒಂದು ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ, ಇನ್ನೊಂದು ಕುಮಟಾದ ಅಘನಾಶಿನಿ ಅಳಿವೆ.

ಬಂಡೆಯ ಕೇರಿಗಳು

ನಮ್ಮ ಕರಾವಳಿಯ ಬಹುಪಾಲು ಮರಳು. ಆ ಮರಳಿನ ನಡುವೆ ಅಲ್ಲಲ್ಲಿ ಗುಡ್ಡಗಳು ಕಡಲಿನೊಳಕ್ಕೆ ಚಾಚಿಕೊಂಡಿವೆ: ಕಾರವಾರದ ಸುತ್ತ, ಗೋಕರ್ಣದ ಓಂ ತೀರದಲ್ಲಿ, ಕುಮಟಾದ ಹೆಡ್‌ಬಂದರಿನಲ್ಲಿ, ಮುರುಡೇಶ್ವರದಲ್ಲಿ, ಉಳ್ಳಾಲದ ಸೋಮೇಶ್ವರದಲ್ಲಿ. ಮಲ್ಪೆಯ ಆಚೆ ಸೇಂಟ್ ಮೇರಿ ದ್ವೀಪಗಳಿವೆ, ಲಾವಾ ಆರಿ ಕಂಬಗಳಾಗಿ ನಿಂತ ಕಲ್ಲು. ಕಡಲು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಕಾರವಾರದ ಕಡೆ ಹುಣ್ಣಿಮೆ, ಅಮಾವಾಸ್ಯೆಗಳ ದೊಡ್ಡ ಉಬ್ಬರಕ್ಕೂ ಇಳಿತಕ್ಕೂ ನಡುವೆ ಸುಮಾರು ಎರಡು ಮೀಟರ್ ಅಂತರ. ಒಬ್ಬ ಮನುಷ್ಯನ ಎತ್ತರಕ್ಕಿಂತ ತುಸು ಹೆಚ್ಚಿನ ಈ ಪಟ್ಟಿಯಲ್ಲಿ ಕಡಲಿನ ಬದುಕೂ ನೆಲದ ಬದುಕೂ ಒಂದರ ಮೇಲೊಂದು ಬರುತ್ತವೆ.

ಬುಡದ ಭಾಗ ಬಹುತೇಕ ನೀರಿನಲ್ಲೇ ಇರುತ್ತದೆ. ಅಲ್ಲಿ ಪಾಚಿ ಇದೆ, ಕಲ್ವ ಇದೆ, ಅವುಗಳ ಚಿಪ್ಪಿಗೆ ತೂತು ಕೊರೆದು ತಿನ್ನುವ ಬೇಟೆಗಾರ ಬಸವನಹುಳುಗಳಿವೆ, ಏಡಿಗಳಿವೆ. ನಡುವಿನ ಭಾಗ ದಿನದ ಅರ್ಧ ಹೊತ್ತು ಒದ್ದೆ, ಅರ್ಧ ಹೊತ್ತು ಒಣ. ಇಲ್ಲಿ ಕಲ್ಲಿಗೆ ಅಂಟಿದ ಬಾರ್ನಕಲ್‌ಗಳು, ಟೋಪಿಯಾಕಾರದ ಲಿಂಪೆಟ್‌ಗಳು, ದುಂಡನೆಯ ನೆರೈಟ್‌ಗಳು. ಅದಕ್ಕೂ ಮೇಲೆ, ದೊಡ್ಡ ಉಬ್ಬರದಲ್ಲಷ್ಟೇ ನೀರು ತಲುಪುವ ಅಥವಾ ಬರೀ ತೆರೆಯ ಹನಿ ಸಿಡಿಯುವ ಎತ್ತರದಲ್ಲಿ, ಬೋಳು ಕಲ್ಲಿನ ಬಿರುಕುಗಳಲ್ಲಿ ಒಂದು ಸೆಂಟಿಮೀಟರಿನ ಆಸುಪಾಸಿನ ಬೂದು ಬಣ್ಣದ ಜೀವಗಳು ಗುಂಪುಗುಂಪಾಗಿ ಕೂತಿರುತ್ತವೆ. ಇವು ಲಿಟ್ಟೊರಿನಿಡ್ ಮನೆತನದ ಎಕಿನೋಲಿಟ್ಟೊರಿನಾ ಕುಲದವು.

ಈ ಮೂರು ಕೇರಿಗಳಲ್ಲಿ ಬದುಕುವ ಬಸವನಹುಳುವಿಗೆ ಎದುರಾಗುವ ಕಷ್ಟಗಳೂ ಮೂರು: ಬಿಸಿಲು, ತೆರೆ, ಏಡಿ. ಮೇಲೆ ಹೋದಷ್ಟೂ ಬಿಸಿಲಿನ ಕಾಟ ಹೆಚ್ಚು, ಏಡಿಯ ಕಾಟ ಕಡಿಮೆ. ಕೆಳಗೆ ಬಂದಷ್ಟೂ ನೀರಿಗೆ ಕೊರತೆಯಿಲ್ಲ, ಶತ್ರುಗಳಿಗೂ ಕೊರತೆಯಿಲ್ಲ. ಕಡಲಿಗೆ ಎದೆಯೊಡ್ಡಿದ ಮುಖದಲ್ಲಿ ತೆರೆಯ ಹೊಡೆತ, ಗುಡ್ಡದ ಮರೆಯಲ್ಲಿ ನೆಮ್ಮದಿ. ಚಿಪ್ಪಿನ ಗಾತ್ರ, ದಪ್ಪ, ಬಾಯಿಯ ಅಗಲ ಎಲ್ಲವೂ ಈ ಮೂವರು ಒಡೆಯರ ಜೊತೆ ಮಾಡಿಕೊಂಡ ಒಪ್ಪಂದ. ಬಾಯಿ ಅಗಲವಾದರೆ ಪಾದ ದೊಡ್ಡದಾಗಿ ತೆರೆಗೆ ಜಗ್ಗದೆ ಹಿಡಿಯಬಹುದು. ಅದೇ ಅಗಲ ಬಾಯಿಯಿಂದ ತೇವ ಬೇಗ ಆರುತ್ತದೆ, ಏಡಿಯ ಕೊಂಡಿಗೂ ದಾರಿಯಾಗುತ್ತದೆ. ಮೂವರನ್ನೂ ಒಟ್ಟಿಗೆ ಮೆಚ್ಚಿಸುವ ಚಿಪ್ಪು ಇಲ್ಲ. ಹಾಗಾಗಿಯೇ ಒಂದೇ ಬಂಡೆಯ ಮೇಲೆ ಇಷ್ಟು ಬಗೆಯ ಚಿಪ್ಪುಗಳಿವೆ.

ನೆತ್ತಿಯ ಬಿಸಿಲು

ಏಪ್ರಿಲ್-ಮೇ ತಿಂಗಳ ಮಧ್ಯಾಹ್ನ ಇಳಿತದ ಹೊತ್ತಿಗೆ ಬಂಡೆಯ ನೆತ್ತಿ ಬರಿಗಾಲಿನಲ್ಲಿ ನಿಲ್ಲಲಾಗದಷ್ಟು ಕಾಯುತ್ತದೆ. ಉಷ್ಣವಲಯದ ತೀರಗಳಲ್ಲಿ ಬಿಸಿಲಿಗೆ ಬಿದ್ದ ಕಲ್ಲು 50 ಡಿಗ್ರಿ ದಾಟುವುದುಂಟು. ಕಡಲಿನ ಬಹುಪಾಲು ಪ್ರಾಣಿಗಳು ಅದಕ್ಕಿಂತ ಎಷ್ಟೋ ಕಡಿಮೆ ಬಿಸಿಗೇ ಸಾಯುತ್ತವೆ. ನೀರಿನಲ್ಲಿ ಹುಟ್ಟಿದ ಜೀವವೊಂದು ಇಲ್ಲಿ ಮನೆ ಮಾಡಿಕೊಂಡಿದೆ ಎಂದರೆ ಅದರ ಹಿಂದೆ ದೊಡ್ಡ ವಿದ್ಯೆ ಇರಲೇಬೇಕು.

ಎಕಿನೋಲಿಟ್ಟೊರಿನಾದ ಮೊದಲ ವಿದ್ಯೆ ಬಾಗಿಲು ಹಾಕಿಕೊಳ್ಳುವುದು. ಕಲ್ಲು ಒಣಗುತ್ತಿದ್ದಂತೆ ಅದು ಚಿಪ್ಪಿನ ಅಂಚನ್ನು ಒಂದಿಷ್ಟು ಲೋಳೆಯಿಂದ ಬಂಡೆಗೆ ಅಂಟಿಸಿ, ಪಾದವನ್ನು ಒಳಗೆಳೆದು, ಕೊಂಬಿನಂಥ ಪದಾರ್ಥದ ಮುಚ್ಚಳದಿಂದ ಬಾಯಿ ಮುಚ್ಚಿಕೊಳ್ಳುತ್ತದೆ. ಒಣಗಿದ ಲೋಳೆ ಚಿಪ್ಪನ್ನು ಬೀಳದಂತೆ ಹಿಡಿಯುತ್ತದೆ. ಮೈ ಕಾದ ಕಲ್ಲಿಗೆ ತಾಗುವುದಿಲ್ಲ, ತೇವವೂ ಆರುವುದಿಲ್ಲ. ಎರಡನೆಯ ವಿದ್ಯೆ ನಿಲ್ಲುವ ಭಂಗಿ. ಹಾಂಗ್‌ಕಾಂಗ್‌ನಲ್ಲಿ ಎಕಿನೋಲಿಟ್ಟೊರಿನಾ ಮಲಕ್ಕಾನಾ ಮತ್ತು ಅದರ ದಾಯಾದಿ ಎಕಿನೋಲಿಟ್ಟೊರಿನಾ ರೇಡಿಯಾಟಾಗಳನ್ನು ಶಾಖ ತೋರುವ ಕ್ಯಾಮೆರಾದಿಂದ ನೋಡಿದ ವಿಜ್ಞಾನಿಗಳು ಇದನ್ನು ದಾಖಲಿಸಿದ್ದಾರೆ. ಕೆಲವು ಹುಳುಗಳು ಚಿಪ್ಪಿನ ಅಂಚೊಂದನ್ನೇ ಕಲ್ಲಿಗೆ ಊರಿ ಎದ್ದು ನಿಲ್ಲುತ್ತವೆ. ಕೆಲವು ಒಂದರ ಬೆನ್ನ ಮೇಲೊಂದು ಏರುತ್ತವೆ. ಕಾದ ಕಲ್ಲಿನಿಂದ ಮೈಯನ್ನು ದೂರ ಇಡುವ ಉಪಾಯ ಇದು. ಮೇಲೇರಿದ್ದು ತಂಪಾಗಿರುತ್ತದೆ.

ಮೂರನೆಯ ವಿದ್ಯೆ ಒಳಗಿನದು, ಮತ್ತು ಅದೇ ಹೆಚ್ಚು ಬೆರಗಿನದು. ತಣ್ಣನೆ ರಕ್ತದ ಪ್ರಾಣಿಗಳಲ್ಲಿ ಬಿಸಿ ಏರಿದಂತೆ ಮೈಯೊಳಗಿನ ಉರಿತವೂ ಏರುತ್ತದೆ, ಆಹಾರದ ದಾಸ್ತಾನು ಬೇಗ ಕರಗುತ್ತದೆ. ಬ್ರೂನೈಯಲ್ಲಿ ಡೇವಿಡ್ ಮಾರ್ಷಲ್ ಮತ್ತು ಸಂಗಡಿಗರು ಎಕಿನೋಲಿಟ್ಟೊರಿನಾ ಮಲಕ್ಕಾನಾವನ್ನು ಪರೀಕ್ಷಿಸಿದಾಗ ಕಂಡದ್ದು ಬೇರೆ. ಸುಮಾರು 35 ಡಿಗ್ರಿ ದಾಟಿದ ಮೇಲೆ ಅದರ ಉರಿತ ಏರುವುದೇ ನಿಲ್ಲುತ್ತದೆ. ಜೀವ ತನ್ನ ವೆಚ್ಚವನ್ನು ಹಿಡಿತದಲ್ಲಿಟ್ಟು ಉಬ್ಬರ ಬರುವ ತನಕ ಕಾಯುತ್ತದೆ. 55 ಡಿಗ್ರಿಯ ಆಸುಪಾಸಿನವರೆಗೂ ಅದು ಸಾಯದೆ ಉಳಿಯಬಲ್ಲದು. ನೆತ್ತಿಯ ಮೇಲೆ ಬೇರೆ ಯಾರೂ ಬಂದು ಪೈಪೋಟಿ ನಡೆಸದಿರುವುದಕ್ಕೆ ಕಾರಣ ಇದೇ. ಆ ಕಲ್ಲಿನ ಮೇಲಿನ ಕಣ್ಣಿಗೆ ಕಾಣದಷ್ಟು ತೆಳುವಾದ ಪಾಚಿಯ ಪದರ ಪೂರ್ತಿ ಇವರ ಪಾಲಿಗೆ.

ಅಲ್ಲಿಂದ ಎರಡು ಮೊಳ ಕೆಳಗಿನ ನೆರೈಟ್ ಇದೇ ಬಿಸಿಲನ್ನು ಬೇರೆ ದಾರಿಯಲ್ಲಿ ಗೆಲ್ಲುತ್ತದೆ. ಅದರ ಚಿಪ್ಪು ದುಂಡು, ಒಳಗೆ ಜಾಗ ಹೆಚ್ಚು. ನೀರು ಇಳಿಯುವಾಗ ಒಂದಿಷ್ಟು ಕಡಲ ನೀರನ್ನು ಚಿಪ್ಪಿನೊಳಗೆ ಹಿಡಿದಿಟ್ಟುಕೊಂಡು, ಅದು ಆರುವಾಗ ಬರುವ ತಂಪಿನಲ್ಲಿ ಮೈಯನ್ನು ಕಾಯುತ್ತದೆ. ಆ ದಾಸ್ತಾನು ಮುಗಿಯುವಷ್ಟರಲ್ಲಿ ಉಬ್ಬರ ಬರಬೇಕು. ನಡುಬಂಡೆಯಲ್ಲಿ ಅದು ಸಮಯಕ್ಕೆ ಬರುತ್ತದೆ, ನೆತ್ತಿಯಲ್ಲಿ ಬರುವುದಿಲ್ಲ. ಹೀಗೆ ಕೇರಿಯ ಗಡಿಯನ್ನು ಎಷ್ಟೋ ಕಡೆ ಚಿಪ್ಪಿನೊಳಗಿನ ನೀರೇ ಬರೆಯುತ್ತದೆ.

ಬೆರಳಿಗೆ ಕಂಡ ಸತ್ಯ

ನೆರೈಟ್‌ನ ಬಾಯನ್ನು ಬೆರಳಿನಿಂದ ಮುಟ್ಟಿ ನೋಡಬೇಕು. ಕಿರಿದಾದ ಬಾಯಿ, ಅದರ ಒಳ ಅಂಚಿನಲ್ಲಿ ಹಲ್ಲುಗಳಂಥ ಉಬ್ಬು, ಸುಣ್ಣಗಟ್ಟಿದ ಗಟ್ಟಿ ಮುಚ್ಚಳ. ಇದು ಬಿಸಿಲಿಗೆ ಮಾಡಿದ ಏರ್ಪಾಡು ಮಾತ್ರವಲ್ಲ, ಏಡಿಗೂ ಮಾಡಿದ್ದು. ಇದನ್ನು ಜಗತ್ತಿಗೆ ತೋರಿಸಿಕೊಟ್ಟವರಲ್ಲಿ ಮುಖ್ಯರು ಗೀರಟ್ ವರ್ಮೇ. 1946ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಹುಟ್ಟಿದ ಅವರು ಮೂರನೆಯ ವಯಸ್ಸಿಗೇ ಪೂರ್ತಿ ದೃಷ್ಟಿ ಕಳೆದುಕೊಂಡರು. ಮುಂದೆ ಅಮೆರಿಕದ ಶಾಲೆಯೊಂದರಲ್ಲಿ ಶಿಕ್ಷಕಿಯೊಬ್ಬರು ಫ್ಲಾರಿಡಾದ ಬೆಚ್ಚನೆಯ ತೀರದಿಂದ ತಂದ ಚಿಪ್ಪುಗಳನ್ನು ಮುಟ್ಟಿದಾಗ ಆ ಹುಡುಗನಿಗೆ ಒಂದು ಸಂಗತಿ ಹೊಳೆಯಿತು: ತಾನು ಹುಟ್ಟಿದ ನಾಡಿನ ತಣ್ಣೀರಿನ ಚಿಪ್ಪುಗಳು ಒರಟು, ಸರಳ, ಇವು ನುಣುಪು, ಕುಸುರಿಯವು. ಯಾಕೆ ಎಂಬ ಪ್ರಶ್ನೆಯೇ ಅವರ ಜೀವನದ ಕೆಲಸವಾಯಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಪ್ರಾಧ್ಯಾಪಕರಾಗಿ ಅವರು ಜಗತ್ತಿನ ತೀರಗಳನ್ನು ಸುತ್ತಿ ಚಿಪ್ಪುಗಳನ್ನು ಕೈಯಿಂದಲೇ ಓದಿದರು. ಪಂಚಾಕ್ಷರಿ ಗವಾಯಿ, ಪುಟ್ಟರಾಜ ಗವಾಯಿಗಳ ಗದಗಿಗೆ, ವೀರೇಶ್ವರ ಪುಣ್ಯಾಶ್ರಮವನ್ನು ಕಂಡ ಊರಿಗೆ, ಕಣ್ಣಿಲ್ಲದೆ ವಿದ್ಯೆಯ ತುದಿ ಮುಟ್ಟಬಹುದೆಂಬ ಮಾತನ್ನು ಬಿಡಿಸಿ ಹೇಳಬೇಕಿಲ್ಲ.

ವರ್ಮೇ ಕಂಡದ್ದು ಇಷ್ಟು. ಬೆಚ್ಚನೆಯ ಕಡಲುಗಳಲ್ಲಿ, ಅದರಲ್ಲೂ ಹಿಂದೂ ಮಹಾಸಾಗರದಿಂದ ಪಶ್ಚಿಮ ಪೆಸಿಫಿಕ್‌ವರೆಗಿನ ನೀರಿನಲ್ಲಿ, ಬಸವನಹುಳುಗಳ ಚಿಪ್ಪು ಹೆಚ್ಚು ದಪ್ಪ, ಬಾಯಿ ಹೆಚ್ಚು ಕಿರಿದು, ಅಂಚು ಹೆಚ್ಚು ಹಲ್ಲುಳ್ಳದ್ದು. ಅದೇ ನೀರಿನಲ್ಲಿ ಏಡಿಗಳ ಕೊಂಡಿಯೂ ಹೆಚ್ಚು ಬಲವಾದದ್ದು. ಚಿಪ್ಪು ಗಟ್ಟಿಯಾದಂತೆ ಕೊಂಡಿ ಬಲಿಯಿತು, ಕೊಂಡಿ ಬಲಿತಂತೆ ಚಿಪ್ಪು ಮತ್ತಷ್ಟು ಗಟ್ಟಿಯಾಯಿತು. ಕೋಟ್ಯಂತರ ವರ್ಷಗಳ ಈ ಜಿದ್ದನ್ನು ಅವರು 1987ರ ತಮ್ಮ ದೊಡ್ಡ ಗ್ರಂಥದಲ್ಲಿ ವಿವರಿಸಿದರು.

ಈ ಜಿದ್ದು ಎಷ್ಟು ಬೇಗ ನಡೆಯಬಲ್ಲದು ಎಂಬುದಕ್ಕೆ ಅಮೆರಿಕದ ಈಶಾನ್ಯ ತೀರದಲ್ಲಿ ಸಾಕ್ಷ್ಯ ಸಿಕ್ಕಿತು. ಯುರೋಪಿನ ಹಸಿರು ಏಡಿ 1900ರ ಹೊತ್ತಿಗೆ ಕೇಪ್ ಕಾಡ್‌ನ ಉತ್ತರಕ್ಕೆ ಹಬ್ಬಿತು. ರಾಬಿನ್ ಸೀಲಿ ಎಂಬ ವಿಜ್ಞಾನಿ ಏಡಿ ಬರುವ ಮೊದಲು, 1871ರಷ್ಟು ಹಿಂದೆ, ಸಂಗ್ರಹಾಲಯಕ್ಕೆ ಸೇರಿದ್ದ ಲಿಟ್ಟೊರಿನಾ ಆಬ್ಟುಸಾಟಾ ಎಂಬ ಬಸವನಹುಳುವಿನ ಚಿಪ್ಪುಗಳನ್ನು 1980ರ ದಶಕದ ಚಿಪ್ಪುಗಳ ಪಕ್ಕ ಇಟ್ಟು ನೋಡಿ, ಫಲಿತಾಂಶವನ್ನು 1986ರಲ್ಲಿ ಪ್ರಕಟಿಸಿದರು. ಹಳೆಯವು ತೆಳು, ಗೋಪುರ ಎತ್ತರ. ಹೊಸವು ದಪ್ಪ, ಗೋಪುರ ಗಿಡ್ಡ. ಒಂದು ಶತಮಾನದೊಳಗೆ ಚಿಪ್ಪಿನ ರೂಪವೇ ಬೇರೆಯಾಗಿತ್ತು. ಮುಂದೆ ನಡೆದ ಪ್ರಯೋಗಗಳು ಇನ್ನೊಂದು ಪದರವನ್ನು ತೋರಿಸಿದವು. ಏಡಿಯ ವಾಸನೆ ಬೆರೆತ ನೀರಿನಲ್ಲಿ ಬೆಳೆಸಿದ ಹುಳುಗಳು ತಮ್ಮ ಆಯುಷ್ಯದಲ್ಲೇ ದಪ್ಪ ಚಿಪ್ಪು ಕಟ್ಟುತ್ತವೆ. ಅಂದರೆ ಒಂದು ಬದಲಾವಣೆ ಹುಟ್ಟಿದ ಮೇಲೆ ಆಗುವಂಥದ್ದು, ಇನ್ನೊಂದು ಪೀಳಿಗೆಯಿಂದ ಪೀಳಿಗೆಗೆ ಇಳಿಯುವಂಥದ್ದು. ಬಂಡೆಯ ಮೇಲೆ ಎರಡೂ ಬೆರೆತಿರುತ್ತವೆ, ಬಿಡಿಸಿ ನೋಡುವುದು ವಿಜ್ಞಾನದ ಕೆಲಸ.

ಮರ ಹತ್ತಿದವು, ಹೊಳೆ ಏರಿದವು

ಕುಮಟಾದ ಬಂಡೆಯಿಂದ ಸ್ವಲ್ಪ ದೂರದಲ್ಲಿ ಅಘನಾಶಿನಿ ಕಡಲು ಸೇರುತ್ತದೆ. ಅಳಿವೆಯ ಅಂಚಿನಲ್ಲಿ ಕಾಂಡ್ಲಾ ಗಿಡಗಳಿವೆ. ಬಂಡೆಯ ಲಿಟ್ಟೊರಿನಿಡ್ ಮನೆತನದ್ದೇ ಇನ್ನೊಂದು ಕುಲ, ಲಿಟ್ಟೊರೇರಿಯಾ, ಇಂಥ ಕಾಂಡ್ಲಾ ಕಾಡುಗಳ ವಾಸಿ. ಕಾಂಡ, ಎಲೆ, ಬಿಳಲುಗಳ ಮೇಲೆ ನೀರಿನ ಏರಿಳಿತಕ್ಕೆ ತಕ್ಕಂತೆ ಹತ್ತಿ ಇಳಿಯುತ್ತದೆ. ಈ ಕುಲದಲ್ಲಿ ಬಂಡೆಗೆ ಅಂಟಿಕೊಂಡ ಪ್ರಭೇದಗಳೂ ಇವೆ. ಮರದವು ತೆಳು ಚಿಪ್ಪಿನವು, ಬಂಡೆಯವು ದಪ್ಪ ಚಿಪ್ಪಿನವು. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನ ಡೇವಿಡ್ ರೀಡ್ 1986ರಲ್ಲಿ ಕಾಂಡ್ಲಾ ಕಾಡಿನ ಈ ಬಳಗದ ಬಗ್ಗೆ ಬರೆದ ಗ್ರಂಥ ಇಂದಿಗೂ ಈ ವಿಷಯಕ್ಕೆ ಆಧಾರ.

ನೆರೈಟ್‌ಗಳ ಮನೆತನ ಇನ್ನೂ ದೂರ ಹೋಗಿದೆ. ನೆರಿಟಾ ಕುಲ ಕಡಲ ಬಂಡೆಯಲ್ಲೇ ನಿಂತಿತು. ನೆರಿಟಿನಾ, ಕ್ಲಿಥಾನ್ ಕುಲಗಳ ಪ್ರಭೇದಗಳು ಅಳಿವೆಯ ಸಪ್ಪೆ-ಉಪ್ಪಿನ ನೀರಿಗೆ, ಕೆಲವು ಹೊಳೆಯ ಸಿಹಿನೀರಿಗೂ ಹೋದವು. ಹೊಳೆಯಲ್ಲಿ ಮೊಟ್ಟೆಯಿಟ್ಟರೂ ಎಷ್ಟೋ ಪ್ರಭೇದಗಳ ಮರಿಗಳು ಪ್ರವಾಹದ ಜೊತೆ ಕಡಲಿಗೆ ಇಳಿದು, ಅಲ್ಲಿ ತೇಲುತ್ತ ಬೆಳೆದು, ಮತ್ತೆ ಹೊಳೆಯ ಬಾಯಿ ಹುಡುಕಿ ಮೇಲೇರಬೇಕು. ಯುರೋಪಿನ ಥಿಯೋಡಾಕ್ಸಸ್ ಕುಲ ಆ ತೇಲುವ ಹಂತವನ್ನೇ ಬಿಟ್ಟುಕೊಟ್ಟು ನದಿಯದೇ ಆಗಿಬಿಟ್ಟಿತು. ಒಂದು ಮನೆತನ ಹೊಸ ನೆಲೆಗೆ ಕಾಲಿಟ್ಟಾಗ ಚಿಪ್ಪು ಮಾತ್ರವಲ್ಲ, ಮರಿಗಳನ್ನು ಎಲ್ಲಿ ಬಿಡಬೇಕು ಎಂಬ ಲೆಕ್ಕವೂ ಬದಲಾಗುತ್ತದೆ. ದಾಯಾದಿಗಳು ಎಷ್ಟು ಬೇರೆಯಾಗಬಲ್ಲರು ಎಂಬುದನ್ನು ಬಹಳಮಟ್ಟಿಗೆ ಈ ಲೆಕ್ಕವೇ ತೀರ್ಮಾನಿಸುತ್ತದೆ.

ತೇಲುವ ಮರಿ, ಮಡಿಲ ಮರಿ

ನಮ್ಮ ಬಂಡೆಯ ಎಕಿನೋಲಿಟ್ಟೊರಿನಾ ತನ್ನ ಮೊಟ್ಟೆಗಳನ್ನು ನೀರಿಗೆ ಬಿಟ್ಟುಬಿಡುತ್ತದೆ. ಒಡೆದ ಮರಿಗಳು ವಾರಗಟ್ಟಲೆ ತೆರೆಯ ಜೊತೆ ತೇಲಿ, ಯಾವುದೋ ದೂರದ ಬಂಡೆಯಲ್ಲಿ ಇಳಿಯುತ್ತವೆ. ಗೋಕರ್ಣದ ತಾಯಿಯ ಮರಿ ಗೋಕರ್ಣದಲ್ಲೇ ನೆಲೆಸುತ್ತದೆ ಎಂಬ ಭರವಸೆ ಇಲ್ಲ. ಹೀಗೆ ಇಡೀ ತೀರದ ವಂಶವಾಹಿಗಳು ಪ್ರತಿ ಪೀಳಿಗೆಯಲ್ಲೂ ಕಲೆಯುತ್ತವೆ. ಒಂದು ಬಂಡೆಯ ಗುಣಕ್ಕೆ ಹೊಂದಿಕೊಂಡ ವಂಶ ಅಲ್ಲೇ ಬೇರೂರುವುದು ಕಷ್ಟ. ತಪ್ಪು ಜಾಗಕ್ಕೆ ಬಂದವು ಸಾಯುತ್ತವೆ, ಉಳಿದವು ಬೆಳೆಯುತ್ತ ನೆಲೆಗೆ ತಕ್ಕಂತೆ ಮೈ ಹೊಂದಿಸಿಕೊಳ್ಳುತ್ತವೆ, ಮುಂದಿನ ಪೀಳಿಗೆ ಮತ್ತೆ ಮೊದಲಿನಿಂದ ಶುರು. ತೇಲುವ ಮರಿಗೆ ಲಾಭವೂ ಇದೆ. ಒಂದು ತೀರದಲ್ಲಿ ಎಲ್ಲ ಸತ್ತರೂ ಇನ್ನೊಂದು ತೀರದಿಂದ ಮರಿಗಳು ಬಂದು ತುಂಬುತ್ತವೆ.

ಉತ್ತರ ಅಟ್ಲಾಂಟಿಕ್‌ನ ಲಿಟ್ಟೊರಿನಾ ಸಾಕ್ಸಾಟಿಲಿಸ್ ಬೇರೆ ದಾರಿ ಹಿಡಿಯಿತು. ಅದರ ಹತ್ತಿರದ ದಾಯಾದಿಗಳಾದ ಲಿಟ್ಟೊರಿನಾ ಆರ್ಕಾನಾ, ಲಿಟ್ಟೊರಿನಾ ಕಂಪ್ರೆಸ್ಸಾ ಮೊಟ್ಟೆ ಇಡುತ್ತವೆ. ಇದು ಮಾತ್ರ ಮರಿಗಳನ್ನು ಮೈಯೊಳಗೇ ಬೆಳೆಸಿ, ಪುಟ್ಟ ಚಿಪ್ಪಿನ ಸಮೇತ ಬಂಡೆಯ ಮೇಲೆ ಬಿಡುತ್ತದೆ. ಶಾನ್ ಸ್ಟಾಂಕೋವ್ಸ್ಕಿ ಮತ್ತು ಸಂಗಡಿಗರು 2024ರ ಜನವರಿಯಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಈ ಗುಣ ಬಂದದ್ದು ಕಳೆದ ಸುಮಾರು ಒಂದು ಲಕ್ಷ ವರ್ಷಗಳಲ್ಲಿ, ವಂಶವಾಹಿಗಳ ಸುಮಾರು 50 ಜಾಗಗಳಲ್ಲಿ ಒಂದೊಂದಾಗಿ ಬದಲಾವಣೆ ಸೇರುತ್ತ. ಮರಿ ತಾಯಿಯ ಪಕ್ಕದಲ್ಲೇ ಹುಟ್ಟುತ್ತದೆ, ಪಕ್ಕದಲ್ಲೇ ಬದುಕುತ್ತದೆ. ಹಾಗಾಗಿ ಆಯಾ ಬಂಡೆಗೆ ತಕ್ಕ ವಂಶ ಅಲ್ಲೇ ಬೇರುಬಿಡಬಹುದು.

ಬೇರೂರಿದ್ದು ಎಷ್ಟು ಆಳ ಎಂಬುದಕ್ಕೆ ಅದರ ಹೆಸರುಗಳೇ ಸಾಕ್ಷಿ. 1792ರಲ್ಲಿ ಒಲಿವಿ ಎಂಬ ಪಂಡಿತ ಈ ಪ್ರಭೇದಕ್ಕೆ ಹೆಸರಿಟ್ಟ. ಆಮೇಲೆ ತೀರದಿಂದ ತೀರಕ್ಕೆ ರೂಪ ಬದಲಾಗುವುದನ್ನು ಕಂಡ ಬೇರೆ ಬೇರೆಯವರು ಇದೇ ಹುಳುವನ್ನು ಹೊಸ ಪ್ರಭೇದವೆಂದು ತಿಳಿದು ನೂರಕ್ಕೂ ಹೆಚ್ಚು ಹೆಸರುಗಳನ್ನು ಕೊಟ್ಟರು.

ಏಡಿಯ ವಂಶ, ತೆರೆಯ ವಂಶ

ಸ್ವೀಡನ್ನಿನ ಪಶ್ಚಿಮ ತೀರದಲ್ಲಿ ಉಬ್ಬರ-ಇಳಿತ ಇಲ್ಲವೆನ್ನುವಷ್ಟು ಕಡಿಮೆ. ಅಲ್ಲಿ ಸಾಕ್ಸಾಟಿಲಿಸ್‌ನ ಎರಡು ರೂಪಗಳಿವೆ. ಮರೆಯಲ್ಲಿರುವ ಗುಂಡುಗಲ್ಲುಗಳ ನಡುವೆ ಏಡಿಗಳಿರುವುದರಿಂದ ಅಲ್ಲಿನದು ದೊಡ್ಡ ಮೈ, ದಪ್ಪ ಚಿಪ್ಪು, ಕಿರಿದು ಬಾಯಿಯ ಹುಳು. ಮುಟ್ಟಿದರೆ ಒಳಸೇರಿ ಬಹಳ ಹೊತ್ತು ಹೊರಬಾರದ ಎಚ್ಚರದ ಸ್ವಭಾವ. ತೆರೆ ಅಪ್ಪಳಿಸುವ ಕಡಿದಾದ ಬಂಡೆಯ ಮೇಲಿನದು ಬಿರುಕಿನಲ್ಲಿ ಹೊಂದುವ ಚಿಕ್ಕ ಮೈ, ತೆಳು ಚಿಪ್ಪು, ದೊಡ್ಡ ಪಾದಕ್ಕೆ ಅಗಲ ಬಾಯಿಯ ಹುಳು. ಅದಕ್ಕೆ ಅಂಜಿಕೆ ಕಡಿಮೆ. ಎರಡೂ ನೆಲೆಗಳ ನಡುವೆ ಕೆಲವೇ ಮೀಟರ್. ಆ ನಡುವಿನ ಪಟ್ಟಿಯಲ್ಲಿ ಎರಡೂ ಕೂಡುತ್ತವೆ, ನಡುವಿನ ರೂಪದ ಮರಿಗಳೂ ಹುಟ್ಟುತ್ತವೆ. ಆದರೂ ಪಟ್ಟಿಯ ಆಚೀಚೆ ಎರಡು ವಂಶಗಳು ತಮ್ಮತನ ಬಿಟ್ಟುಕೊಟ್ಟಿಲ್ಲ. ತಮ್ಮ ಗಾತ್ರಕ್ಕೆ ಹತ್ತಿರವಿರುವ ಜೋಡಿಯನ್ನು ಇವು ಹೆಚ್ಚಾಗಿ ಆರಿಸುವುದೂ ಇದಕ್ಕೆ ನೆರವಾಗುತ್ತದೆ.

ಸ್ಪೇನಿನ ಗಲೀಸಿಯಾದಲ್ಲೂ ಇದೇ ಎರಡು ರೂಪಗಳಿವೆ, ಅಲ್ಲಿ ಮೇಲುಗಡೆ ಏಡಿಯದು, ಕೆಳಗಡೆ ತೆರೆಯದು. ಬ್ರಿಟನ್ನಿನಲ್ಲೂ ಇವೆ. ಏಡಿಯ ವಂಶವೆಲ್ಲ ಒಂದು ಕಡೆ ಹುಟ್ಟಿ ಯುರೋಪಿನ ತುಂಬ ಹರಡಿತೇ ಎಂದು ರೋಜರ್ ಬಟ್ಲಿನ್, ಕೆರ್ಸ್ಟಿನ್ ಯೊಹಾನೆಸ್ಸನ್, ಎಮಿಲಿಯೋ ರೊಲಾನ್-ಅಲ್ವಾರೆಸ್ ಮತ್ತಿತರರು ಹುಡುಕಿದರು. ವಂಶವಾಹಿಗಳ ಸಾಕ್ಷ್ಯ ಹೇಳಿದ್ದು ಬೇರೆ: ಆಯಾ ತೀರದಲ್ಲಿ ಎರಡು ರೂಪಗಳು ಪ್ರತ್ಯೇಕವಾಗಿ, ಮತ್ತೆ ಮತ್ತೆ ಒಡೆದುಕೊಂಡಿವೆ. ಒಂದೇ ಬಗೆಯ ನೆಲೆ, ಒಂದೇ ಬಗೆಯ ಉತ್ತರ.

1988ರಲ್ಲಿ ಒಂದು ಅನಾಹುತವಾಯಿತು. ಸ್ವೀಡನ್-ನಾರ್ವೆಗಳ ನಡುವಿನ ಕಡಲಿನಲ್ಲಿ ವಿಷದ ಪಾಚಿ ಹಬ್ಬಿ ಅಪಾರ ಜೀವಿಗಳು ಸತ್ತವು. ಕೋಸ್ಟರ್ ದ್ವೀಪಗಳ ಬಳಿಯ ಪುಟ್ಟ ಬಂಡೆಯೊಂದರ ತೆರೆ ರೂಪದ ಹುಳುಗಳೂ ನಿರ್ನಾಮವಾದವು. ತೇಲುವ ಮರಿಗಳಿಲ್ಲದ್ದರಿಂದ ಆ ಬಂಡೆ ಬೇಗ ತುಂಬುವ ಹಾಗಿರಲಿಲ್ಲ. 1992ರಲ್ಲಿ ಯೊಹಾನೆಸ್ಸನ್ ಏಡಿ ರೂಪದ ಸುಮಾರು 700 ಹುಳುಗಳನ್ನು ತಂದು ಆ ತೆರೆಯ ಬಂಡೆಯ ಮೇಲೆ ಬಿಟ್ಟರು. ಕಾಲಕಾಲಕ್ಕೆ ಹೋಗಿ ಚಿಪ್ಪುಗಳನ್ನು ಅಳೆದರು. ಮೂವತ್ತು ವರ್ಷಗಳಾದವು. ಡಿಯೇಗೊ ಗಾರ್ಸಿಯಾ ಕಾಸ್ತಿಯೊ, ಅನ್ಯಾ ವೆಸ್ಟ್ರಾಮ್, ನಿಕ್ ಬಾರ್ಟನ್ ಮೊದಲಾದವರ ಜೊತೆ 2024ರ ಅಕ್ಟೋಬರ್‌ನಲ್ಲಿ ಸೈನ್ಸ್ ಅಡ್ವಾನ್ಸಸ್ ಪತ್ರಿಕೆಯಲ್ಲಿ ಫಲಿತಾಂಶ ಬಂತು. ದೊಡ್ಡ, ದಪ್ಪ ಚಿಪ್ಪಿನವರ ಮೊಮ್ಮಕ್ಕಳು, ಮರಿಮಕ್ಕಳು ಚಿಕ್ಕದಾಗಿ, ತೆಳುವಾಗಿ, ಅಗಲ ಬಾಯಿಯವರಾಗಿ, ಒಟ್ಟಾರೆ ತೆರೆಯ ರೂಪಕ್ಕೆ ಬಂದಿದ್ದವು. ಸುತ್ತಲಿನ ಬಂಡೆಗಳನ್ನು ನೋಡಿ ವಿಜ್ಞಾನಿಗಳು ಹಾಕಿದ್ದ ಅಂದಾಜಿಗೆ ಬಹುಪಾಲು ಸರಿಹೊಂದಿತು. ವಿಕಾಸ ಯಾವ ದಿಕ್ಕಿಗೆ ಸಾಗುತ್ತದೆಂದು ಇಷ್ಟು ನಿಖರವಾಗಿ ಮುಂಚಿತವಾಗಿ ಹೇಳಿ, ನಿಸರ್ಗದಲ್ಲೇ ಕಾದು ನೋಡಿದ ಉದಾಹರಣೆಗಳು ಕೆಲವೇ.

ಇಷ್ಟು ಬೇಗ ಹೇಗಾಯಿತು? ಹೊಸ ವಂಶವಾಹಿ ಹುಟ್ಟಲಿ ಎಂದು ಕಾದಿದ್ದರೆ ಮೂವತ್ತು ವರ್ಷ ಸಾಲುತ್ತಿರಲಿಲ್ಲ. ಬೇಕಾದದ್ದು ಮೊದಲೇ ಇತ್ತು. ತಂದು ಬಿಟ್ಟ ಏಡಿ ರೂಪದ ಹುಳುಗಳಲ್ಲೇ ತೆರೆಗೆ ಒಗ್ಗುವ ವಂಶವಾಹಿಗಳು ಅಲ್ಪಸ್ವಲ್ಪ ಉಳಿದಿದ್ದವು. ಹತ್ತಿರದ ಬಂಡೆಗಳ ತೆರೆ ರೂಪದ ಹುಳುಗಳಿಂದಲೂ ಕೆಲವು ಬಂದು ಬೆರೆತವು. ನಿಸರ್ಗದ ಆಯ್ಕೆ ಈ ದಾಸ್ತಾನಿನಿಂದ ಬೇಕಾದ್ದನ್ನು ಮೇಲೆ ತಂದಿತು.

ಆ ದಾಸ್ತಾನು ಚೆದುರಿಹೋಗದಂತೆ ಕಾಯುವ ಒಂದು ಏರ್ಪಾಡೂ ಇದರ ವರ್ಣತಂತುಗಳಲ್ಲಿದೆ. ಸಾಕ್ಸಾಟಿಲಿಸ್‌ಗೆ 17 ಜೋಡಿ ವರ್ಣತಂತುಗಳು. ಅವುಗಳಲ್ಲಿ ಕೆಲವೆಡೆ ಉದ್ದನೆಯ ತುಂಡೊಂದು ಹಿಂದುಮುಂದಾಗಿ ತಿರುಗಿ ಕೂತಿರುತ್ತದೆ. ಒಂದು ವರ್ಣತಂತುವಿನಲ್ಲಿ ತುಂಡು ನೇರವಾಗಿ, ಜೋಡಿಯಲ್ಲಿ ತಿರುಗಿ ಇದ್ದರೆ, ಆ ಭಾಗದಲ್ಲಿ ತಂದೆ-ತಾಯಿಯ ವಂಶವಾಹಿಗಳು ಅದಲುಬದಲಾಗುವುದು ಬಹುಮಟ್ಟಿಗೆ ನಿಲ್ಲುತ್ತದೆ. ಹಾಗಾಗಿ ದಪ್ಪ ಚಿಪ್ಪು, ಕಿರಿದು ಬಾಯಿ, ಎಚ್ಚರದ ಸ್ವಭಾವದಂಥ ಕೂಡಿಯೇ ಇರಬೇಕಾದ ಗುಣಗಳ ವಂಶವಾಹಿಗಳು ಅಂಥ ಒಂದೇ ತುಂಡಿನಲ್ಲಿದ್ದರೆ, ನಡುವಿನ ಪಟ್ಟಿಯಲ್ಲಿ ಎರಡು ವಂಶಗಳು ಕೂಡಿದರೂ ಬಿಡಿಬಿಡಿಯಾಗದೆ ಒಟ್ಟಾಗಿ ಮುಂದಿನ ಪೀಳಿಗೆಗೆ ಇಳಿಯುತ್ತವೆ. ಏಡಿಯ ನೆಲೆಯಲ್ಲಿ ತುಂಡಿನ ಒಂದು ಜೋಡಣೆ ಹೆಚ್ಚು, ತೆರೆಯ ನೆಲೆಯಲ್ಲಿ ಇನ್ನೊಂದು ಜೋಡಣೆ ಹೆಚ್ಚು.

ಕಾಯಬೇಕಾದದ್ದು ಏನನ್ನು

ಈಗ ನಮ್ಮ ತೀರಕ್ಕೆ ಇದರಿಂದ ಪಾಠ ಏನು? ನಮ್ಮ ಬಂಡೆಯ ನೆತ್ತಿಯ ಜೀವಗಳು ತಮ್ಮ ತಾಳಿಕೆಯ ತುದಿಗೆ ಹತ್ತಿರವೇ ಬದುಕುತ್ತಿವೆ. ಕಲ್ಲು ಇನ್ನು ಕೆಲವು ಡಿಗ್ರಿ ಕಾದರೆ ಮೇಲೆ ಏರಲು ಅವಕ್ಕೆ ಜಾಗವಿಲ್ಲ. ಅವುಗಳಿಗೆ ಉಳಿದಿರುವ ಆಸರೆ ಬಿರುಕು, ನೆರಳು, ತೆರೆ ಸಿಡಿಯುವ ಮೂಲೆ, ಇಂಥ ಸಣ್ಣಸಣ್ಣ ನೆಲೆಗಳ ವೈವಿಧ್ಯ. ಕೊರೆತ ತಡೆಯಲು ಕಟ್ಟುವ ನುಣುಪಾದ ಕಾಂಕ್ರೀಟು ಗೋಡೆಯಲ್ಲಿ ಆ ವೈವಿಧ್ಯ ಇರುವುದಿಲ್ಲ. ಸಿಂಗಪುರ, ಹಾಂಗ್‌ಕಾಂಗ್, ಸಿಡ್ನಿಗಳಲ್ಲಿ ಇದನ್ನರಿತು ತಡೆಗೋಡೆಗಳಿಗೆ ಗುಳಿ, ಬಿರುಕುಗಳುಳ್ಳ ಹಲಗೆಗಳನ್ನು ಜೋಡಿಸಿ ನೋಡಿದ್ದಾರೆ. ಜೀವಗಳು ಹೆಚ್ಚು ಬಗೆಯಲ್ಲಿ ಬಂದು ನೆಲೆಸಿವೆ. ನಾವು ಕಟ್ಟುವ ಗೋಡೆಗಳಿಗೂ ಇಷ್ಟು ವಿವೇಕ ಬೇಕು.

ನೆಲೆ ಉಳಿದರಷ್ಟೇ ಅದಕ್ಕೆ ಒಗ್ಗಿದ ತಳಿ ಉಳಿಯುತ್ತದೆ ಎಂಬ ಪಾಠವನ್ನು ಅಘನಾಶಿನಿಯ ರೈತರು ಅಳಿವೆಯಂಚಿನ ತಮ್ಮ ಗಜನಿ ಗದ್ದೆಗಳಲ್ಲಿ ಎಂದೋ ಕಲಿತಿದ್ದಾರೆ. ಮಾಣಿಕಟ್ಟಾ ಕಡೆಯ ಗಜನಿಗಳಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತದೆ. ಉಪ್ಪು ನೀರು ನುಗ್ಗಿದರೂ, ಗದ್ದೆ ಮುಳುಗಿದರೂ ತಾಳುವ ತಳಿ ಅದು. ಪೀಳಿಗೆಗಟ್ಟಲೆ ಅದೇ ನೆಲದಲ್ಲಿ ಬಿತ್ತಿ, ಅದೇ ನೆಲದ ಬೀಜ ಉಳಿಸಿಕೊಂಡದ್ದರಿಂದ ಅದು ಉಳಿದಿದೆ. ಗಜನಿ ಹೋದರೆ ಕಗ್ಗ ಹೋಗುತ್ತದೆ. ಡಬ್ಬಿಯಲ್ಲಿಟ್ಟ ಬೀಜ ಉಪ್ಪಿನ ಜೊತೆ ಬದುಕುವುದನ್ನು ಮುಂದುವರಿಸಲಾರದು.

ಗದಗಿನ ಕಾಲೇಜುಗಳಲ್ಲಿ ಪ್ರಾಣಿಶಾಸ್ತ್ರ ಓದುವ ಹುಡುಗ ಹುಡುಗಿಯರಿಗೆ ಈ ಕೆಲಸ ದೂರದ್ದಲ್ಲ. ಅವರದೇ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವವಿಜ್ಞಾನ ವಿಭಾಗ ಕಾರವಾರದ ಕೋಡಿಬಾಗದಲ್ಲಿದೆ. ಯೊಹಾನೆಸ್ಸನ್ ಪ್ರಯೋಗಕ್ಕೆ ಬೇಕಾದದ್ದು ಒಂದು ಬಂಡೆ, ಒಂದು ಅಳತೆಗೋಲು, ಮೂವತ್ತು ವರ್ಷಗಳ ನಿಷ್ಠೆ. ವಂಶವಾಹಿ ಓದುವ ಯಂತ್ರಗಳು ಸೇರಿದ್ದು ಆಮೇಲೆ. ಹುಣ್ಣಿಮೆ ಅಥವಾ ಅಮಾವಾಸ್ಯೆಯ ಇಳಿತದಲ್ಲಿ ಹೆಡ್‌ಬಂದರಿನ ಬಂಡೆಯ ನೆತ್ತಿಯಿಂದ ಬುಡದವರೆಗೆ ಹಗ್ಗ ಹಿಡಿದು, ಯಾವ ಎತ್ತರದಲ್ಲಿ ಯಾವ ಹುಳು, ಚಿಪ್ಪು ಎಷ್ಟು ಉದ್ದ, ಬಾಯಿ ಎಷ್ಟು ಅಗಲ, ಕಲ್ಲು ಎಷ್ಟು ಬಿಸಿ ಎಂದು ಬರೆದಿಟ್ಟುಕೊಂಡು, ಎತ್ತಿದ ಹುಳುವನ್ನು ಎತ್ತಿದಲ್ಲೇ ಬಿಟ್ಟು, ಮುಂದಿನ ವರ್ಷ ಅದೇ ಬಂಡೆಗೆ ಮತ್ತೆ ಹೋಗುವುದರಿಂದ ಆ ಕೆಲಸ ಶುರುವಾಗುತ್ತದೆ.

ಕೋಸ್ಟರ್‌ನ ಬಂಡೆ ಮತ್ತೆ ತನ್ನ ರೂಪಕ್ಕೆ ಬಂದದ್ದು ಒಂದು ಪ್ರಭೇದ ಉಳಿದಿತ್ತು ಎಂಬ ಕಾರಣಕ್ಕಷ್ಟೇ ಅಲ್ಲ. ಏಡಿಯ ನೆಲೆಯೂ ಉಳಿದಿತ್ತು, ತೆರೆಯ ನೆಲೆಯೂ ಹತ್ತಿರದಲ್ಲೇ ಉಳಿದಿತ್ತು, ಎರಡರ ನಡುವೆ ವಂಶವಾಹಿಗಳು ಓಡಾಡುವ ದಾರಿಯೂ ಇತ್ತು. ಆ ಮೂರರಲ್ಲಿ ಒಂದು ಇಲ್ಲದಿದ್ದರೂ ಮೂವತ್ತು ವರ್ಷಗಳ ಕಥೆ ಬೇರೆಯೇ ಆಗಬಹುದಿತ್ತು. ಪ್ರಭೇದಗಳ ಪಟ್ಟಿ ಮಾಡಿ ಒಂದೊಂದನ್ನು ಕಾಯುವುದು ಬೇಕು, ಸಾಲದು. ಬಿಸಿಲ ಬಂಡೆ, ನೆರಳ ಬಂಡೆ, ಅಳಿವೆ, ಕಾಂಡ್ಲಾ, ಗಜನಿ ಎಲ್ಲವನ್ನೂ ಒಂದರ ಪಕ್ಕ ಒಂದು ಉಳಿಸಿಕೊಂಡರೆ, ಬದಲಾಗುವ ಕಾಲಕ್ಕೆ ಹೊಂದಿಕೊಳ್ಳುವ ಕೆಲಸವನ್ನು ಬಸವನಹುಳುಗಳು ತಾವೇ ಮಾಡಿಕೊಳ್ಳುತ್ತವೆ.